ನೀವ ಮಾತಾಡ್ರಿ, ಅಕ್ಕಾರ

ಕುಂದಗೋಳ ತಾಲ್ಲೂಕಿನ ಇಬ್ಬರು ಹೆಣ್ಣುಮಕ್ಕಳ ಮಾತು ಇದು. ಹಿರಿಯಾಕಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತರಾದವರು, ಸಂಘದಲ್ಲಿ ಪಳಗಿದವರು. ಕಿರಿಯಾಕಿ ಕೂಲಿಕಾರ್ತಿ, ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧುವಾಗಿ, ಅಂದರೆ ಕೂಲಿ ಗುಂಪಿನ ಮುಂದಾಳಾಗಿ ದುಡಿದವಳು, ಹಂಗಾಮಿನಲ್ಲಿ ಮೆಣಸಿನಕಾಯಿ ಬಿಡಿಸಲು ಆಳು ಕೂಡಿಸುವವಳು. ಕೂಲಿಕಾರರ ಸಂಘಕ್ಕೆ ತಾಲ್ಲೂಕು ಕಾರ್ಯದರ್ಶಿ ಆಗು ಎಂದು ಆಕೆಯನ್ನು ಕೇಳಿದ್ದಾರೆ. ಆಕೆ ಒಲ್ಲೆ ಎನ್ನುತ್ತಿದ್ದಾಳೆ.

ಕಿರಿಯಾಕಿ: ನನಗ ಬ್ಯಾಡ್ರಿ ಅಕ್ಕಾರ. ಕಾರ್ಯದರ್ಶಿ ಅಂದ್ರ ಮೈಕ್ ಹಿಡೀಬೇಕು, ಭಾಷಣ ಮಾಡಬೇಕು. ನಾಲ್ಕ ಮಂದಿ ಮುಂದ ನಿಂತ್ರ ನನಗ ಬಾಯಿ ಒಣಗತೈತಿ.

ಹಿರಿಯಾಕಿ: ನಾಲ್ಕ ಮಂದಿ ಮುಂದ? ಹ್ವಾದ ಹಂಗಾಮಿನ್ಯಾಗ ಸಂಶಿ ಕಡೆ ಹೊಲಕ್ಕ ಟಂಟಂ ತುಂಬ ಹೆಣ್ಣಾಳು ಕರಕೊಂಡು ಹೋಗಿದ್ದಿ. ಕೂಲಿ ಎಷ್ಟು, ಟಂಟಂ ಬಾಡಿಗಿ ಯಾರ ಮ್ಯಾಲ, ಸಂಜಿ ಎಷ್ಟಕ್ಕ ಬಿಡಬೇಕು, ಎಲ್ಲಾ ಹೊಲದಾವನ ಕೂಡ ನೀನ ಮಾತಾಡಿದಿ. ಆವಾಗ ಬಾಯಿ ಒಣಗಲಿಲ್ಲೇನು?

ಕಿರಿಯಾಕಿ: ಅದು ಕೂಲಿ ಮಾತ್ರಿ. ಸಂಘದ ಮಾತಲ್ಲ.

ಹಿರಿಯಾಕಿ: ಕೂಲಿ ಮಾತು ಬಿಟ್ಟು ಸಂಘದ ಮಾತು ಅಂತ ಬ್ಯಾರೆ ಎಲ್ಲೈತಿ? ಹೇಳು, ಹೊಲದ ದಂಡಿಗಿ ನಿಂತು ಇದಕ್ಕ ಎಷ್ಟು ಆಳು ಬೇಕು, ಎಷ್ಟು ದಿನ ಹಿಡಿತೈತಿ ಅಂತ ಲೆಕ್ಕಾ ಹಾಕೂದು ಯಾರ ಕಡೆ ಕಲ್ತಿ?

ಕಿರಿಯಾಕಿ: ನಮ್ಮ ಅತ್ತಿ ಕಡೆ. ಆಕಿ ಬಾಯಿಲೆ ಏನೂ ಹೇಳಿಕೊಡಲಿಲ್ಲ. ‘ನನ್ನ ಹಿಂದ ಬಾ’ ಅಂತಿದ್ಲು, ಅಷ್ಟ. ಹೊಲದಾವ ರೇಟು ಹೇಳಿದ ಕೂಡ್ಲೆ ಹ್ಞೂಂ ಅನಬಾರದು, ಬುತ್ತಿ ಗಂಟು ಎತ್ತಿ ಟಂಟಂ ಕಡೆ ನಾಲ್ಕ ಹೆಜ್ಜಿ ಹಾಕಬೇಕು. ಅದನ್ನೂ ಆಕಿನ್ನ ನೋಡೇ ಕಲ್ತೆ.

ಹಿರಿಯಾಕಿ: ನೋಡು, ಈ ಕುಂದಗೋಳದಾಗ ಗುರು ಅಂದ್ರ ಸಣ್ಣ ಹುಡುಗನೂ ಸಂಗೀತದ ಸವಾಯಿ ಗಂಧರ್ವರ ಹೆಸರು ಹೇಳ್ತಾನ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನ್ಯಾಗ ಇಲ್ಲಿಗೆ ಬಂದು ಅವರ ಕಡೆ ಕಲ್ತರು. ಭೀಮಸೇನ ಜೋಶಿ ಗುರುಗಳ ಮನ್ಯಾಗ ಇದ್ದು ಕಲ್ತರು. ಯಾರು ಯಾರ ಶಿಷ್ಯ, ಯಾವ ಘರಾಣೆ ಅಂತ ಮೂರ ತಲಿ ಹಿಂದಿನದೂ ದಾಖಲೆ ಐತಿ. ಅದ ಊರಾಗ ನಿನ್ನ ಅತ್ತಿ ಒಂದು ತಲಿಮಾರಿನ ಹೆಣ್ಮಕ್ಕಳಿಗೆ ಕೂಲಿ ಚೌಕಾಶಿ ಕಲಿಸಿದ್ಲು. ಆಕಿ ಹೆಸರು ಯಾರ ಬರದಿಟ್ಟಾರ? ಹೆಣ್ಮಕ್ಕಳಿಗೆ ನಾಯಕತ್ವ ಇಲ್ಲ ಅಂತ ಹೇಳಾವರು ಈ ದಾಖಲೆ ಇಲ್ಲದ್ದನ್ನ ನೋಡಿ ಹೇಳ್ತಾರ.

ಕಿರಿಯಾಕಿ: ಗುರು-ಶಿಷ್ಯರ ಮಾತು ಚಂದ ಐತ್ರಿ. ಆದ್ರ ಅಲ್ಲಿ ಶಿಷ್ಯ ಮೊದಲು ನೀರು ಹೊರಬೇಕು, ಕಾಲು ಒತ್ತಬೇಕು. ನಮ್ಮ ಸಂಘದಾಗೂ ಹಂಗ ಐತಿ. ಸಣ್ಣಾಕಿ ಅಂದ್ರ ಜಮಖಾನಿ ಹಾಸಾಕಿ, ಊರಿಂದ ಮಂದಿ ಕರಕೊಂಡು ಬರಾಕಿ. ಕೆಳಗ ಹೆಣ್ಮಕ್ಕಳು ತುಂಬಿ ಕುಂತಿರ್ತಾರ, ಸ್ಟೇಜಿನ ಮ್ಯಾಲಿನ ಕುರ್ಚ್ಯಾಗ ಗಂಡಸರು. ನಮ್ಮ ಕಷ್ಟಾ ನಮಗ ತಿಳಿಸಿ ಹೇಳಲಿಕ್ಕೆ ಹುಬ್ಬಳ್ಳಿಯಿಂದ ಒಬ್ಬರು ಬರ್ತಾರ.

ಹಿರಿಯಾಕಿ: ಅದು ಇವತ್ತಿಂದಲ್ಲ. ಅಹಮದಾಬಾದಿನ ಗಿರಣಿ ಮಂದಿಯ ಮಜೂರ್ ಮಹಾಜನ 1920ರಾಗ ಹುಟ್ಟಿತು. ಅದನ್ನ ಕಟ್ಟಿದಾಕಿ ಒಬ್ಬ ಹೆಣ್ಮಗಳು, ಅನಸೂಯಾ ಸಾರಾಭಾಯಿ. 1918ರ ಗಿರಣಿ ಮುಷ್ಕರದಾಗ ತನ್ನ ತಮ್ಮ ಮಾಲಕರ ಕಡೆ ಇದ್ರ ಈಕಿ ಕಾರ್ಮಿಕರ ಕಡೆ ನಿಂತಾಕಿ. ಅದ ಸಂಘದ ಮಹಿಳಾ ವಿಭಾಗದಾಗ ಇಳಾ ಭಟ್ ತಯಾರಾದರು. 1972ರಾಗ ತಲಿ ಮ್ಯಾಲ ಮೂಟಿ ಹೊರಾವರು, ಕಾಯಿಪಲ್ಲೆ ಮಾರಾವರು, ಮನ್ಯಾಗ ಕುಂತು ಹೊಲಿಯಾವರನ್ನ ಕೂಡಿಸಿ ‘ಸೇವಾ’ ಅಂತ ಸಂಘಾ ಮಾಡಿದ್ರು. ಮುಂದ ಏನಾತು? 1981ರಾಗ ಗುಜರಾತಿನ್ಯಾಗ ಮೀಸಲಾತಿ ಗಲಾಟಿ ಎದ್ದಾಗ ಸೇವಾದವರು ದಲಿತರ ಕಡೆ ನಿಂತರು. ಬೆಳೆಸಿದ ಸಂಘನ ಅವರನ್ನ ಹೊರಗ ಹಾಕಿತು.

ಕಿರಿಯಾಕಿ: ಹೆಣ್ಮಗಳು ಕಟ್ಟಿದ ಸಂಘನ ಹೆಣ್ಮಕ್ಕಳನ್ನ ಹೊರಗ ಹಾಕಿತು!

ಹಿರಿಯಾಕಿ: ಅರವತ್ತು ವರ್ಷದಾಗ ಸಂಘ ಯಾರ ಕೈಗೆ ಹೋಗಿತ್ತು ಅನ್ನೂದು ನೋಡಬೇಕಲ್ಲ. ಕಟ್ಟಿದಾಕಿ ಹೆಸರಿನ ಮ್ಯಾಲ ಸಂಘ ನಡಿಯೂದಿಲ್ಲ. ಆದ್ರ ಹೊರಗ ಬಿದ್ದ ಸೇವಾ ಸಾಯಲಿಲ್ಲ, ಲಕ್ಷಾಂತರ ಮಂದಿ ಸದಸ್ಯರಾದ್ರು. ಯಾಕಂದ್ರ ಒಳಗ ಎರಡನೇ ಸಾಲಿನವರು ತಯಾರಿದ್ರು.

ಕಿರಿಯಾಕಿ: ಗುಜರಾತಿನ ಕತಿ ಸಾಕ್ರಿ. ನಮ್ಮ ಕಡೀದು ಹೇಳ್ರಿ.

ಹಿರಿಯಾಕಿ: ನಿಪ್ಪಾಣಿ ನಮ್ಮ ಕಡೀದಲ್ಲೇನು? ಅಲ್ಲಿ ತಂಬಾಕ ಕಾರಖಾನ್ಯಾಗ ಸಾವಿರಾರು ಹೆಣ್ಮಕ್ಕಳು ದುಡೀತಿದ್ರು. ತಂಬಾಕಿನ ಧೂಳು ಮೂಗಿನ್ಯಾಗ, ಬಾಯಾಗ. 1980ರ ಆಜೂಬಾಜು ಅವರು ಸಂಘಾ ಮಾಡಿ, ಮುಷ್ಕರಾ ಹೂಡಿದ್ರು. ದೀಪಾ ಧನರಾಜ್ ಇದ್ದ ಯುಗಾಂತರ್ ಬಳಗ ಆ ಹೆಣ್ಮಕ್ಕಳನ್ನ ಕೂಡಿಸಿಕೊಂಡು 1982ರಾಗ ‘ತಂಬಾಕೂ ಚಾಕಿಲಾ ಊಬ್ ಆಲಿ’ ಅಂತ ಸಿನಿಮಾ ಮಾಡಿತು. ಅದರಾಗ ಆ ಹೆಣ್ಮಕ್ಕಳ ಮಾತು, ಸಭಾ, ಸಿಟ್ಟು ಎಲ್ಲಾ ಉಳದೈತಿ. ಅವರ ಮುಖಂಡರಾಗಿದ್ದ ಸುಭಾಷ ಜೋಶಿಯವರ ಹೆಸರು ಎಲ್ಲಾರಿಗೂ ಗೊತ್ತು, ಮುಂದ ಶಾಸಕರೂ ಆದ್ರು. ಅವರ ಮ್ಯಾಲ ನನಗ ತಕರಾರಿಲ್ಲ. ಆದ್ರ ಮ್ಯಾನೇಜರನ್ನ ಅಡ್ಡಗಟ್ಟಿ ಕೇಳಿದ ಹೆಣ್ಮಕ್ಕಳದಾಗ ಒಬ್ಬಾಕಿ ಹೆಸರು ಹೇಳು ಅಂದ್ರ ನಿಪ್ಪಾಣ್ಯಾಗೂ ತಡವರಸ್ತಾರ.

ಕಿರಿಯಾಕಿ: ಅದ ಹೊತ್ತಿಗೆ ನಮ್ಮ ಜಿಲ್ಲಾದಾಗ ಬಂಡಾಯ ಆಗಿತ್ತಲ್ರಿ, ನವಲಗುಂದದಾಗ.

ಹಿರಿಯಾಕಿ: 1980ರ ಜುಲೈ 21. ನವಲಗುಂದ, ನರಗುಂದ ಎರಡೂ ಕಡೆ ಗೋಲಿಬಾರ್ ಆತು. ಮಲಪ್ರಭಾ ನೀರು ಸರಿಯಾಗಿ ಮುಟ್ಟದಿದ್ರೂ ಅಭಿವೃದ್ಧಿ ಕರ ಕಟ್ಟು ಅಂದ್ರು, ರೈತರು ಎದ್ದರು. ದೊಡ್ಡ ಹೋರಾಟ, ಇಲ್ಲನ್ನೂದಿಲ್ಲ. ಆದ್ರ ಆ ಹೋರಾಟದಾಗ ರೈತ ಅಂದ್ರ ಪಟಗಾ ಸುತ್ತಿದ ಗಂಡಸು. ಅದ ಹೊಲದಾಗ ಕಳೆ ತೆಗಿಯಾಕಿ ಕೂಲಿ ಎಷ್ಟು ಅನ್ನೂದು ಆ ಬೇಡಿಕೆ ಪಟ್ಟ್ಯಾಗ ದೊಡ್ಡ ಮಾತಾಗಲಿಲ್ಲ.

ಕಿರಿಯಾಕಿ: ಅಲ್ಲೇ ನನಗ ತೊಡಕು ಆಗೂದ್ರಿ. ಕಾರಖಾನಿ ಇದ್ರ ಮಾಲಕ ಬ್ಯಾರೆ, ನಾವು ಬ್ಯಾರೆ. ಇಲ್ಲಿ ಹೊಲದಾವ ಅಂದ್ರ ಬಾಜೂ ಮನೀಯಾವ. ಮೂರ ಎಕರೆ ಎರಿ, ಮಳಿ ನಂಬಿದ ಹೆಸರು, ಶೇಂಗಾ, ಮೆಣಸಿನಗಿಡ. ಬ್ಯಾಡಗಿ ಪ್ಯಾಟ್ಯಾಗ ರೇಟು ಬಿದ್ದ ವರ್ಷ ಅವನೂ ಅಳ್ತಾನ. ನನಗೂ ಒಂದ ಎಕರೆ ಐತಿ. ನನ್ನ ಹೊಲಕ್ಕ ನಾನೂ ಆಳು ಕರೀತೀನಿ. ಹಿಂಗಿರೂವಾಗ ಯಾರ ವಿರುದ್ಧ ಧಿಕ್ಕಾರ ಕೂಗಲಿ?

ಹಿರಿಯಾಕಿ: ಇದನ್ನ ನೀ ಸಭಾದಾಗ ಹೇಳಬೇಕು. ಹುಬ್ಬಳ್ಳಿಯಿಂದ ಬರೂ ಭಾಷಣದಾಗ ಇದು ಇರೂದಿಲ್ಲ. ಅದಕ್ಕ ಉದ್ಯೋಗ ಖಾತ್ರಿ ಹಳ್ಳಿ ಹೆಣ್ಮಕ್ಕಳ ಸಂಘಟನಿಗೆ ಒಗ್ಗಿತು. ಅಲ್ಲಿ ಕೆಲಸಾ ಕೊಡಬೇಕಾದಾವ ಬಾಜೂ ಮನೀಯಾವ ಅಲ್ಲ, ಪಂಚಾಯ್ತಿ.

ಕಿರಿಯಾಕಿ: ಅದು ಖರೆ. ಪಂಚಾಯ್ತಿ ಮುಂದ ಜಗಳಾಡಿದ್ರ ಬೀಗರು ಸಿಟ್ಟಾಗೂದಿಲ್ಲ.

ಹಿರಿಯಾಕಿ: ಧಾರವಾಡದ ಶಾರದಾ ಗೋಪಾಲ ಅವರು, ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ ಅಂದ್ರ ಗ್ರಾಕೂಸಿನವರು, ಹಿಡಿದದ್ದೂ ಅದ ಎಳಿ. ಖಾನಾಪುರ, ಕಿತ್ತೂರು ಕಡೆ ಹಳ್ಳ್ಯಾಗ ಮೊದಲು ಕಲಿಸಿದ್ದು ನಮೂನೆ ಆರು ತುಂಬೂದು, ಕೆಲಸಾ ಕೇಳೂದು. ಕೆಲಸಾ ಕೇಳಿ ಪಡೆದ ಹೆಣ್ಮಕ್ಕಳು ಆಮ್ಯಾಲ ಸುಮ್ಮನ ಕುಂದರಲಿಲ್ಲ. 2019ರ ಜನವರಿ 19ಕ್ಕ ಚಿತ್ರದುರ್ಗದಿಂದ ಬೆಂಗಳೂರಿಗೆ ಸರಾಯಿ ಬಂದ್ ಮಾಡ್ರಿ ಅಂತ ಸಾವಿರಾರು ಹೆಣ್ಮಕ್ಕಳು ಪಾದಯಾತ್ರಾ ಹೊಂಟರಲ್ಲ, ಅದರಾಗ ಇವರೂ ಇದ್ರು. ಜನವರಿ 30ಕ್ಕ ಬೆಂಗಳೂರು ಮುಟ್ಟಿದ್ರು. ಸರಾಯಿ ನಿಲ್ಲಲಿಲ್ಲ, ಅದು ಬ್ಯಾರೆ. ಆದ್ರ ಮೊದಲ ದಿನ ಪಂಚಾಯ್ತಿ ಹೊಸ್ತಲಾ ದಾಟಲಿಕ್ಕೆ ಅಂಜತಿದ್ದಾಕಿ ವಿಧಾನಸೌಧದ ಕಡೆ ನಡದ್ಲು.

ಕಿರಿಯಾಕಿ: ಹೊಸ್ತಲಾ ದಾಟೂದು ನನಗ ನೆನಪೈತ್ರಿ. ಮೊದಲ ಸಲ ಅರ್ಜಿ ಕೊಡಲಿಕ್ಕೆ ಹೋದಾಗ ‘ಇಟ್ಟ ಹೋಗವ್ವಾ’ ಅಂದ್ರು. ನಾ ಇಟ್ಟು ಬಂದೆ. ನೀವು ಬೈದ್ರಿ.

ಹಿರಿಯಾಕಿ: ಬೈಲಿಲ್ಲ. ತಾರೀಖು ಹಾಕಿದ ರಸೀದಿ ಎಲ್ಲಿ ಅಂತ ಕೇಳಿದೆ. ಆ ರಸೀದಿ ಇದ್ರ ಮಾತ್ರ ಹದಿನೈದು ದಿನದ ಲೆಕ್ಕಾ ಶುರು. ಹದಿನೈದು ದಿನದಾಗ ಕೆಲಸಾ ಕೊಡದಿದ್ರ ನಿರುದ್ಯೋಗ ಭತ್ಯೆ: ಮೊದಲ ಮೂವತ್ತು ದಿನ ಕೂಲಿಯ ಕಾಲು ಭಾಗ, ಆಮ್ಯಾಲ ಅರ್ಧ. ರಸೀದಿ ಇಲ್ಲಂದ್ರ ನೀ ಅರ್ಜಿ ಕೊಟ್ಟೇ ಇಲ್ಲ. ಕಾಯ್ದೆ ಎಷ್ಟ ದೊಡ್ಡದಿದ್ರೂ ಹಳ್ಳ್ಯಾಗ ಅದು ಆ ಚೀಟಿಯಷ್ಟ.

ಕಿರಿಯಾಕಿ: ಮರುದಿನ ನೀವು ನನ್ನ ಸಂಗಾಟ ಬಂದ್ರಿ. ಒಂದ ಮಾತೂ ಆಡದ ಕುರ್ಚಿ ಮ್ಯಾಲ ಕುಂತ್ರಿ. ನಾನ ಕೇಳಬೇಕಾತು. ಮೂರನೇ ಸಲ ಬಾಗಲ ಹೊರಗ ನಿಂತ್ರಿ. ಆಮ್ಯಾಲ ಬರಲೇ ಇಲ್ಲ. ಆವಾಗ ನನಗ ಭಾಳ ಸಿಟ್ಟ ಬಂದಿತ್ತು.

ಹಿರಿಯಾಕಿ: ಸಿಟ್ಟ ಬರಲೇಬೇಕು. ನಾ ಹೋಗಿ ಕೇಳಿದ್ರ ಹತ್ತ ನಿಮಿಷದಾಗ ರಸೀದಿ ಸಿಗತಿತ್ತು. ನಿನಗ ಒಪ್ಪತ್ತು ಹಿಡೀತು. ಆ ಒಪ್ಪತ್ತು ಉಳಿಸಲಿಕ್ಕೆ ಹೋಗಿ ಭಾಳ ಸಂಘಗಳು ಕೆಟ್ಟಾವ. ಗೊತ್ತಿದ್ದಾಕಿನ ಹೋಗ್ತಾಳ, ಕೆಲಸಾ ಲಗೂನ ಆಗತೈತಿ, ಉಳದವರು ‘ನೀವ ಮಾತಾಡ್ರಿ, ಅಕ್ಕಾರ’ ಅಂತಾರ. ಹತ್ತ ವರ್ಷ ಹಿಂಗ ನಡದ್ರ ಊರಾಗ ಅಕ್ಕಾರು ಒಬ್ಬಾಕಿನ. ಸಾಹೇಬ್ರಿಗೂ ಅದ ಬೇಕು. ನೂರು ಮಂದಿ ಕೂಡ ಮಾತಾಡೂಕಿಂತ ಒಬ್ಬಾಕಿ ಕೂಡ ಚಹಾ ಕುಡುದು ಮುಗಸೂದು ಹಗುರ.

ಕಿರಿಯಾಕಿ: ಕಾಯಕ ಬಂಧು ಆದಾಗ ನನಗೂ ಅದ ಆತ್ರಿ. 2023ರಿಂದ ಹಾಜರಿ ಎಲ್ಲಾ ಫೋನಿನ್ಯಾಗ, ದಿನಕ್ಕ ಎರಡ ಸಲ ಫೋಟೋ ತೆಗೀಬೇಕಿತ್ತು. ನೆಟ್‌ವರ್ಕ್ ಇಲ್ಲಂದ್ರ ಹಾಜರಿ ಇಲ್ಲ, ಹಾಜರಿ ಇಲ್ಲಂದ್ರ ಕೂಲಿ ಇಲ್ಲ. ಫೋನು ನನ್ನ ಕೈಯಾಗ. ನಿನ್ನೆ ಮೊನ್ನೆ ಸಂಗಾಟ ಬುಟ್ಟಿ ಹೊತ್ತವರು ‘ಸಾಹೇಬ್ರ, ನಮ್ಮ ಫೋಟೋ ಬಂತೇನ್ರಿ’ ಅಂತ ಚಾಷ್ಟಿ ಮಾಡಲಿಕ್ಕತ್ತರು. ಚಾಷ್ಟಿಯೊಳಗ ಅಂಜಿಕಿನೂ ಇತ್ತು. ಅದು ನನಗ ಸೇರಲಿಲ್ಲ.

ಹಿರಿಯಾಕಿ: ಏನ ಮಾಡಿದಿ?

ಕಿರಿಯಾಕಿ: ಇಬ್ಬರಿಗೆ ಫೋಟೋ ತೆಗಿಯೂದು ಕಲಿಸಿದೆ. ಒಬ್ಬಾಕಿಗೆ ಓದಲಿಕ್ಕೆ ಬರೂದಿಲ್ಲ. ಬಣ್ಣಾ ನೋಡಿ ಗುಂಡಿ ಒತ್ತತಾಳ.

ಹಿರಿಯಾಕಿ: ಮತ್ತ ಕಾರ್ಯದರ್ಶಿ ಆಗಲಿಕ್ಕೆ ಇನ್ನೇನು ಬೇಕವ್ವಾ?

ಕಿರಿಯಾಕಿ: ಆದ್ರ ಆ ಖಾತ್ರಿ ಕಾಯ್ದೆ ಜಾಗಾಕ್ಕ ಬ್ಯಾರೆ ಬಂತಲ್ರಿ. 2025ರ ಡಿಸೆಂಬರ್‌ದಾಗ ಸಂಸತ್ತಿನ್ಯಾಗ ಹೊಸಾದು ಪಾಸ್ ಆತು. ನೂರು ದಿನಾ ಹೋಗಿ 125 ಅಂದಾರ. ಖರ್ಚಿನಾಗ ನೂರಕ್ಕ 40 ರಾಜ್ಯ ಹಾಕಬೇಕಂತ. ಬಿತ್ತಗಿ, ಸುಗ್ಗಿ ಹೊತ್ತಿನ್ಯಾಗ ಅರವತ್ತು ದಿನ ಕೆಲಸಾ ಇರೂದಿಲ್ಲಂತ.

ಹಿರಿಯಾಕಿ: ಆ ಅರವತ್ತು ದಿನಾನ ನೋಡು. 125 ಅನ್ನೂದು ಕಾಗದದ ಮ್ಯಾಲ ದೊಡ್ಡ ಅಂಕಿ. ಆದ್ರ ಹೆಣ್ಮಗಳಿಗೆ ಖಾತ್ರಿ ಕೆಲಸದಿಂದ ಆದ ದೊಡ್ಡ ಉಪಕಾರ ದಿನದ ಲೆಕ್ಕಲ್ಲ. 2025-26ಕ್ಕ ನಮ್ಮ ರಾಜ್ಯದಾಗ ದಿನಗೂಲಿ 370 ಇತ್ತು, ಗಂಡಸರಿಗೂ ಅಷ್ಟ, ಹೆಂಗಸರಿಗೂ ಅಷ್ಟ. ಕಳೆ ಹಂಗಾಮಿನ್ಯಾಗ ಹೊಲದಾವ ಕಡಿಮಿ ಅಂದ್ರ ‘ನಾ ಖಾತ್ರಿ ಕೆಲಸಕ್ಕ ಹೊಕ್ಕೀನಿ’ ಅನ್ನೂ ಮಾತು ಬಾಯಾಗ ಇತ್ತು. ಆ ಮಾತು ಬೇಕಾದ ಹೊತ್ತಿನ್ಯಾಗನ ಕೆಲಸಾ ಬಂದ್ ಅಂದ್ರ ಚೌಕಾಶಿಗೆ ಉಳಿಯೂದು ನಿನ್ನ ಅತ್ತಿ ಕಲಿಸಿದ ನಾಲ್ಕ ಹೆಜ್ಜಿ ಮಾತ್ರ. ಆವಾಗ ಒಬ್ಬಾಕಿ ಹೆಜ್ಜಿ ಹಾಕಿ ಉಳದವರು ಅಲ್ಲೇ ನಿಂತ್ರ ಮುಗೀತು. ಸಂಘ ಬೇಕಾಗಿದ್ದು ಈಗ.

ಕಿರಿಯಾಕಿ: ಸಂಘ ಅಂತೀರಿ. ಒಂದ ಮಾತು ಕೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ನಿಮ್ಮ ಅಂಗನವಾಡಿ ಸಂಘದಾಗ ಎಸ್. ವರಲಕ್ಷ್ಮಿಯವರು, ಆಶಾದವರ ಸಂಘದಾಗ ಡಿ. ನಾಗಲಕ್ಷ್ಮಿಯವರು. ಎಷ್ಟ ವರ್ಷಾತು, ಟಿವ್ಯಾಗ ಅವರ ಮುಖನ. ಅವರ ಹಿಂದ ಯಾರು?

ಹಿರಿಯಾಕಿ: ಕೇಳಬೇಕಾದ ಮಾತ ಕೇಳಿದಿ. ಮೊದಲು ಅವರು ಮಾಡಿದ್ದು ಹೇಳ್ತೀನಿ. 2017ರ ಮಾರ್ಚಿನ್ಯಾಗ ಬೆಂಗಳೂರಾಗ ಹಗಲೂ ರಾತ್ರಿ ನಾವು ರಸ್ತೆ ಮ್ಯಾಲನ ಇದ್ವಿ. ಮನಿ ಬಿಟ್ಟು ಒಂದ ರಾತ್ರಿ ಹೊರಗ ಮಲಗದ ಹೆಣ್ಮಕ್ಕಳು ಪೊಲೀಸರ ಬ್ಯಾರಿಕೇಡಿಗೆ ತಲಿ ಕೊಟ್ಟು ಮಲಗಿದ್ರು. ಗಂಡಂದಿರು ಫೋನ್ ಹಚ್ಚಿ ‘ಅನ್ನಾ ಎಲ್ಲೈತಿ’ ಅಂತ ಕೇಳ್ತಿದ್ರು. ಅಲ್ಲಿ ಕಲಿತದ್ದು ಯಾವ ತರಬೇತ್ಯಾಗೂ ಸಿಗಲಿಲ್ಲ. ಕೋಲಾರದಾಕಿಗೆ ಕಲಬುರ್ಗಿಯಾಕಿ ತಮ್ಮ ಜಿಲ್ಲಾದಾಗ ಬಾಕಿ ಗೌರವಧನ ಹೆಂಗ ಬಿಡಿಸಿದ್ವಿ ಅಂತ ಹೇಳಿಕೊಡತಿದ್ಲು. 2025ರ ಜನವರಿ ಚಳ್ಯಾಗ ಆಶಾದವರು ಫ್ರೀಡಂ ಪಾರ್ಕಿನ್ಯಾಗ ನಾಲ್ಕ ದಿನ ಕುಂತ್ರು, ತಿಂಗಳಿಗೆ ಹತ್ತ ಸಾವಿರ ಖಾತ್ರಿ ಕೊಡ್ತೀವಿ ಅಂತ ಮುಖ್ಯಮಂತ್ರಿ ಕಡೆ ಅನಿಸಿದ್ರು. ಅವರ ಹಿಂದ ಸಾವಿರ ಸಾವಿರ ಮಂದಿ ತಯಾರಾಗ್ಯಾರ. ಟಿವಿಯವರಿಗೆ ಒಂದ ಮುಖ ಸಾಕು.

ಕಿರಿಯಾಕಿ: ಟಿವಿಯವರ ಮ್ಯಾಲ ಹಾಕಿ ಜಾರಬ್ಯಾಡ್ರಿ.

ಹಿರಿಯಾಕಿ: ಜಾರೂದಿಲ್ಲ. ಕೋರ್ಟಿನ್ಯಾಗೂ ಹಂಗ ಆಗೈತಿ. ನಮ್ಮ ರಾಜ್ಯದ ಅಮೀರಬಿ ಖಟ್ಲೆ ಕೇಳಿಯೇನು? 2006ರ ಡಿಸೆಂಬರ್‌ದಾಗ ಸುಪ್ರೀಂ ಕೋರ್ಟು ಅಂಗನವಾಡಿಯವರದು ಸರ್ಕಾರಿ ಹುದ್ದೆ ಅಲ್ಲ ಅಂತು. ಆಕಿ ಸೋತ್ಲು. ಹದಿನೈದು ವರ್ಷ ದಾಟಿದ ಮ್ಯಾಲ, 2022ರ ಏಪ್ರಿಲ್ 25ಕ್ಕ, ಗುಜರಾತಿನ ಮಣಿಬೆನ್ ಭರಿಯಾ ಅನ್ನಾಕಿ ಖಟ್ಲೇದಾಗ ಅದ ಕೋರ್ಟು ಅಂಗನವಾಡಿಯವರಿಗೆ ಗ್ರಾಚ್ಯುಟಿ ಕೊಡಬೇಕು ಅಂತು. ಆಕಿ ಗೆದ್ಲು. ಅಂಗನವಾಡಿ ನಡಿಸೂ ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕ, ನಮ್ಮ ರಾಜ್ಯದಾಗ ಟಿ. ನರಸೀಪುರದಾಗ. ಗ್ರಾಚ್ಯುಟಿ ಅನ್ನೂ ಮಾತು ಬರಲಿಕ್ಕೆ ನಲವತ್ತಾರು ವರ್ಷ ದಾಟಬೇಕಾತು. ಇವರಿಬ್ಬರ ಹೆಸರು ವಕೀಲರಿಗೆ ಗೊತ್ತು, ನಮ್ಮವರಿಗೆ ಗೊತ್ತಿಲ್ಲ. ಸೋತಾಕಿನೂ ನಮ್ಮ ಮುಖಂಡಿನ. ಆಕಿ ಬಾಗಲಾ ಬಡದದ್ದಕ್ಕ ಒಳಗ ಏನೈತಿ ಅನ್ನೂದು ಗೊತ್ತಾತು.

ಕಿರಿಯಾಕಿ: ಒಪ್ಪಿದೆ. ಇನ್ನೊಂದ ಕೇಳ್ತೀನಿ. ನಿಮ್ಮ ಸಂಘದಾಗ ಟೀಚರೂ ಅದಾರ, ಸಹಾಯಕಿಯರೂ ಅದಾರ. ಕೇಂದ್ರ ಸರ್ಕಾರ ಗೊತ್ತುಮಾಡಿದ ಗೌರವಧನ ಟೀಚರಿಗೆ 4,500 ಇದ್ರ ಸಹಾಯಕಿಗೆ 2,250, ಸರಿ ಅರ್ಧ. ಅಂಗನವಾಡ್ಯಾಗ ಕಸಾ ಹೊಡಿಯಾಕಿ, ಅಡಿಗಿ ಮಾಡಾಕಿ, ಮಕ್ಕಳನ್ನ ಮನಿಯಿಂದ ಕರಕೊಂಡು ಬರಾಕಿ ಆಕಿ. ಸಭಾಕ್ಕ ಬಂದ್ರ ಟೀಚರ್ ಮುಂದ, ಆಕಿ ಹಿಂದ. ನಮ್ಮ ಅವ್ವ ಸಹಾಯಕಿ ಇದ್ಲು. ಧರಣಿಗೆ ಹೋಗಿ ಬಂದ್ರ ‘ಟೀಚರ್ ಭಾಳ ಚಲೋ ಮಾತಾಡಿದ್ರು’ ಅಂತಿದ್ಲು. ತಾ ಏನ ಮಾತಾಡಿದೆ ಅಂತ ಒಮ್ಮಿನೂ ಹೇಳಲಿಲ್ಲ. ಈ ತಾಲ್ಲೂಕಿನ್ಯಾಗ ಸಹಾಯಕಿ ಒಬ್ಬಾಕಿ ಅಧ್ಯಕ್ಷಿ ಆದದ್ದು ನೋಡೀರೇನು?

ಹಿರಿಯಾಕಿ: ನಾ ಕಂಡಂಗ ಇಲ್ಲ.

ಕಿರಿಯಾಕಿ: ಯಾಕ?

ಹಿರಿಯಾಕಿ: ಅರ್ಜಿ ಬರಿಯೂದು ಟೀಚರಿಗೆ ಬರತೈತಿ ಅಂತ. ಮಿನಿಟ್ಸ್ ಪುಸ್ತಕ ಟೀಚರ್ ಮನ್ಯಾಗ ಇರತೈತಿ ಅಂತ. ಸೂಪರ್ವೈಸರ್ ಫೋನು ಟೀಚರಿಗೆ ಬರತೈತಿ ಅಂತ. ಇವೆಲ್ಲಾ ಬಾಯಿಲೆ ಹೇಳೂ ಕಾರಣ. ಬಾಯಿಲೆ ಹೇಳದ್ದು ಜಾತಿ, ಕೇರಿ. ಅದು ನಿನಗೂ ಗೊತ್ತು, ನನಗೂ ಗೊತ್ತು.

ಕಿರಿಯಾಕಿ: ಹಂಗಾರ ನಾ ಕಾರ್ಯದರ್ಶಿ ಆಗ್ತೀನಿ, ಮೂರ ಮಾತಿಗೆ ಒಪ್ಪಿದ್ರ. ಎರಡ ವರ್ಷ ಮಾತ್ರ. ಮಿನಿಟ್ಸ್ ಪುಸ್ತಕ ನನ್ನ ಮನ್ಯಾಗ ಇಡೂದಿಲ್ಲ, ಸಭೆ ಯಾವ ಓಣ್ಯಾಗ ಆಗತೈತೋ ಆ ಓಣ್ಯಾಗ ಇರತೈತಿ. ಮತ್ತ ಜಂಟಿ ಕಾರ್ಯದರ್ಶಿ ನಾ ಹೇಳಿದಾಕಿ.

ಹಿರಿಯಾಕಿ: ಯಾರು?

ಕಿರಿಯಾಕಿ: ಬಣ್ಣಾ ನೋಡಿ ಫೋಟೋ ತೆಗಿಯಾಕಿ.

ಹಿರಿಯಾಕಿ: ಆಕಿಗೆ ಓದಲಿಕ್ಕೆ ಬರೂದಿಲ್ಲ. ಸಂಘದ ನೋಂದಣಿ, ರಿಟರ್ನ್, ಲೆಕ್ಕಪತ್ರ ಅಂತ ಇರತಾವ. ಹುಡುಗಾಟಿಕಿ ಅಲ್ಲ.

ಕಿರಿಯಾಕಿ: ಲೆಕ್ಕಾ ಬರಿಯಾಕ ಖಜಾಂಚಿ ಅದಾಳಲ್ರಿ, ಪಿಯುಸಿ ಮಾಡ್ಯಾಳ. ಜಗಳಾ ಆಡಾಕ ಈಕಿ. ಕೂಲಿ ಬರಲಿಲ್ಲಂದ್ರ ಎಷ್ಟ ದಿನದ್ದು, ಯಾವ ವಾರದ್ದು, ಯಾರ್ಯಾರದು ಅಂತ ಬಾಯಿಲೆ ಹೇಳ್ತಾಳ. ಕಂಪ್ಯೂಟರಿನ್ಯಾಗ ತೆಗದು ನೋಡಿದ್ರ ತಪ್ಪಿರೂದಿಲ್ಲ.

ಹಿರಿಯಾಕಿ: ಇದು ನಡಿಯೂದು ಕಠಿಣ ಐತಿ, ನೋಡು. ಜಿಲ್ಲಾದವರು ಒಪ್ಪೂದಿಲ್ಲ. ಆಕಿ ಮನ್ಯಾಗೂ ಒಪ್ಪೂದಿಲ್ಲ.

ಕಿರಿಯಾಕಿ: ನಮ್ಮನ್ಯಾಗ ಒಪ್ಪ್ಯಾರೇನು? ಸೋಮವಾರ ಬಾಕಿ ಕೂಲಿ ಸಲುವಾಗಿ ತಾಲ್ಲೂಕು ಪಂಚಾಯ್ತಿಗೆ ಹೋಗೂದೈತಿ. ನಾವಿಬ್ಬರ ಹೊಕ್ಕೀವಿ. ಇಒ ಸಾಹೇಬ್ರ ಮುಂದ ಆಕಿನ ಮಾತಾಡ್ತಾಳ.

ಹಿರಿಯಾಕಿ: ನಾನೂ ಬರ್ತೀನಿ. ಮಾತಾಡೂದಿಲ್ಲ, ಸುಮ್ಮನ ಕುಂದರ್ತೀನಿ.

ಕಿರಿಯಾಕಿ: ಬ್ಯಾಡ್ರಿ. ನೀವು ಒಳಗ ಕಂಡ್ರ ಸಾಹೇಬ್ರು ನಮ್ಮ ಕಡೆ ನೋಡೂದಿಲ್ಲ, ‘ಏನ್ ಟೀಚರ್, ಏನ್ ಸಮಾಚಾರ’ ಅಂತ ನಿಮ್ಮ ಕೂಡ ಶುರು ಮಾಡ್ತಾರ.

ಹಿರಿಯಾಕಿ: ಆತು, ಬಾಗಲ ಹೊರಗ ನಿಲ್ಲತೀನಿ.

ಕಿರಿಯಾಕಿ: ಅಲ್ಲೂ ಬ್ಯಾಡ್ರಿ.

ಹಿರಿಯಾಕಿ: ಎದುರಿನ ಚಹಾದಂಗಡ್ಯಾಗ?

ಕಿರಿಯಾಕಿ: ನೀವು ಅಲ್ಲಿ ಕುಂತೀರಿ ಅಂತ ಸಿಪಾಯಿ ಹೋಗಿ ಹೇಳ್ತಾನ್ರಿ. ಅವರು ನಿಮ್ಮನ್ನ ಒಳಗ ಕರಸ್ತಾರ.

ಹಿರಿಯಾಕಿ: ಮತ್ತ ರಸೀದಿ?

ಕಿರಿಯಾಕಿ: ಅರ್ಜಿ ಎರಡ ಪ್ರತಿ ಮಾಡಿಸೀನಿ. ಶಿಕ್ಕಾ, ಸಹಿ, ತಾರೀಖು ಎಲ್ಲೆಲ್ಲಿ ಬೀಳಬೇಕು ಅಂತ ಆಕಿಗೆ ಬಟ್ಟ ಇಟ್ಟು ತೋರಿಸೀನಿ.